ಬೆಕ್ಕು ಮತ್ತು ಇಲಿಯ ಪ್ರೇಮಕಥೆ ಬರೆಯುವುದು ಹೇಗೆ?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಕಥೆ ಬರೆಯುವ ಆರೇಳು ಹೆಂಗಸರು ಸೇರುತ್ತೇವೆ. ಮೊದಲು ಚಹಾ, ಚುರುಮುರಿ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಅನ್ನುವ ಸುದ್ದಿ. ಆಮೇಲೆ ಕಥೆ. ಕಳೆದ ಸಲ ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ಶಾಲೆಯಲ್ಲಿ ಒಬ್ಬ ಹುಡುಗನನ್ನು ಗೋಳು ಹೊಯ್ದುಕೊಂಡವಳೇ ನನ್ನ ನಾಯಕಿ. ದೊಡ್ಡವರಾದ ಮೇಲೆ ಅವರಿಬ್ಬರಿಗೂ ಪ್ರೀತಿ ಹುಟ್ಟಬೇಕು. ವೈರಿಗಳು ಪ್ರೇಮಿಗಳಾಗುವ ಕಥೆ ಬರೆದಂತೆಯೇ ಬರೆದರೆ ಆಯ್ತಲ್ವಾ?"

ಆಗಲ್ಲ. ನಾನು ಹಾಗೆ ಬರೆದೇ ಕೆಟ್ಟಿದ್ದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವೈರಿಗಳು ಅಂದರೆ ಹಾವು ಮುಂಗುಸಿ. ಎರಡಕ್ಕೂ ಹಲ್ಲಿದೆ. ಒಂದೇ ಬಡ್ತಿಗೆ ಕಾದಿರುವ ಇಬ್ಬರು, ಒಂದೇ ಗಲ್ಲಿಯ ಎರಡು ಹೋಟೆಲಿನವರ ಮಕ್ಕಳು, ಇಂಥವರು ಎಷ್ಟು ಕಚ್ಚಾಡಿದರೂ ಓದುಗರಿಗೆ ಮಜಾ. ಗೋಳು ಹೊಯ್ದವಳು ಮತ್ತು ಗೋಳಾದವನು ಹಾಗಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಮ್ಮಲ್ಲಿ ಗಾದೆಯೇ ಇದೆ. ಮಕ್ಕಳ ಈ ಕಾಟವನ್ನು 1970ರ ದಶಕದಿಂದ ಅಭ್ಯಾಸ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಗುರುತು ಹೇಳಿದ್ದರು. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ಇಬ್ಬರ ಬಲ ಸಮ ಇಲ್ಲದಿರುವುದು. ಕಥೆ ಬರೆಯುವವರಿಗೆ ಮೂರನೆಯದೇ ತಲೆನೋವು. ಬಲ ಸಮ ಆಗುವವರೆಗೆ ಪ್ರೀತಿಯ ಒಂದು ಸಾಲೂ ಬರೆಯಬೇಡಿ. ಬರೆದರೆ ಅದು ಪ್ರೀತಿಯಾಗಿ ಕಾಣುವುದಿಲ್ಲ, ಹೆದರಿದವನು ಹಲ್ಲುಕಿರಿದಂತೆ ಕಾಣುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೇ ಆ ಬೆಕ್ಕು.

1986ರಲ್ಲಿ ನಾನು ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದೆ. ಉಡುಪಿ ಕಡೆಯ ಹೋಟೆಲಿನವರ ಮಕ್ಕಳು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಗುಮಾಸ್ತರ ಮಕ್ಕಳು, ಎಲ್ಲ ಒಂದೇ ಬೆಂಚಿನಲ್ಲಿ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗನ ಅಪ್ಪ ಹೋಟೆಲಿನಲ್ಲಿ ಅಡುಗೆಯವರು. ಅವರಿಗೆ ಇದ್ದ ಒಂದೇ ಖೋಲಿ ಹೋಟೆಲಿನ ಹಿಂಭಾಗಕ್ಕೆ ಅಂಟಿಕೊಂಡಿತ್ತು. ಅವನ ಅಂಗಿಗೆ ಸಾಸಿವೆ, ಇಂಗಿನ ವಾಸನೆ. ನಾನು ಅವನಿಗೆ 'ಒಗ್ಗರಣೆ' ಅಂತ ಹೆಸರಿಟ್ಟೆ. ಅವನು ಬಾಗಿಲಲ್ಲಿ ಕಂಡ ಕೂಡಲೇ ನಾನು 'ಚೊಂಯ್' ಅನ್ನುತ್ತಿದ್ದೆ. ಆಮೇಲೆ ಇಡೀ ಕ್ಲಾಸು 'ಚೊಂಯ್'.

ಇಪ್ಪತ್ತೈದು ವರ್ಷವಾದ ಮೇಲೆ ಮುಲುಂಡಿನ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಬಫೆಯ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ. ನನಗೆ ಖುಷಿಯಾಯಿತು. "ಏನು ಮಜಾ ಇತ್ತಲ್ವಾ ಆಗ!" ಅಂದೆ. ಅವನು ನಕ್ಕ. ತಟ್ಟೆಗೆ ಪಲಾವ್ ಹಾಕಿಕೊಳ್ಳುತ್ತಾ ನಿಧಾನವಾಗಿ ಹೇಳಿದ. ನಾನು ಅವನ ಡಬ್ಬಿಯನ್ನು ಕಿಟಕಿಯಿಂದ ಎಸೆದದ್ದು. ಅವನು ಕೆಳಗೆ ಓಡಿ ಹೋಗಿ, ಚರಂಡಿ ಪಕ್ಕ ಬಿದ್ದ ಮುಚ್ಚಳ ಹುಡುಕಿದ್ದು. ಅದರ ಅಂಚು ಸೊಟ್ಟಗಾಗಿ, ವರ್ಷಪೂರ್ತಿ ಸರಿಯಾಗಿ ಮುಚ್ಚದೇ ಹೋದದ್ದು. ಈಗಲೂ ಹೆಂಡತಿ ಒಗ್ಗರಣೆ ಹಾಕುವಾಗ ಅವನು ಬಾಲ್ಕನಿಗೆ ಹೋಗಿ ನಿಲ್ಲುವುದು. ಹೇಳುವಾಗ ಕೋಪ ಇರಲಿಲ್ಲ, ಲೆಕ್ಕ ಒಪ್ಪಿಸುವವರ ಥರ ಹೇಳಿದ.

ನನಗೆ ಡಬ್ಬಿ ನೆನಪೇ ಇಲ್ಲ. ಆ ವರ್ಷ ನನಗೆ ನೆನಪಿರುವುದು ಕಬಡ್ಡಿಯಲ್ಲಿ ಕಪ್ ಗೆದ್ದದ್ದು.

ನಿಮ್ಮ ಇಡೀ ಕಥೆ ಈ ವ್ಯತ್ಯಾಸದಲ್ಲಿದೆ. ಎಸೆದವಳಿಗೆ ಮರೆತಿರುತ್ತದೆ, ಹೆಕ್ಕಿದವನಿಗೆ ನೆನಪಿರುತ್ತದೆ. ಹಾಗಾಗಿ ಪ್ಲಾಟು, ಪಾತ್ರ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ ಅವನಿಗೆ ನೆನಪಿರುವುದನ್ನೆಲ್ಲ ಬರೆಯಿರಿ. ಹಾಳೆ ತುಂಬಬೇಕು. 'ಅವಮಾನ ಮಾಡಿದಳು' ಅಂತ ಬರೆದರೆ ಲೆಕ್ಕಕ್ಕಿಲ್ಲ. ಮುಚ್ಚಳ, ಚರಂಡಿ, ಆ ದಿನ ಯಾವ ಪೀರಿಯಡ್, ಯಾರು ನಕ್ಕರು, ಯಾರು ನಗದೆ ಸುಮ್ನೆ ನೋಡಿದರು, ಅಷ್ಟೂ ಬೇಕು. ಇನ್ನೊಂದು ಹಾಳೆ ಅವಳದು. ಅದರಲ್ಲಿ ಮೂರು ಸಾಲು ಸಾಕು, ಮೂರರಲ್ಲಿ ಒಂದು ತಪ್ಪು ನೆನಪಾಗಿರಲಿ. ಇನ್ನು ಕಥೆ ನಡೆಯುವುದು ಅಂದರೆ, ಅವನ ಹಾಳೆಯ ಸಾಲುಗಳು ಒಂದೊಂದಾಗಿ ಅವಳ ಹಾಳೆಗೆ ದಾಟುವುದು. ಯಾವ ಅಧ್ಯಾಯದಲ್ಲಿ ಒಂದು ಸಾಲೂ ದಾಟಲಿಲ್ಲವೋ ಆ ಅಧ್ಯಾಯ ಹರಿದು ಹಾಕಿ. ನಾನು ಹೀಗೆ ಹನ್ನೊಂದು ಅಧ್ಯಾಯ ಹರಿದೆ. ಅದರಲ್ಲಿ ಮಳೆಯಲ್ಲಿ ಒಂದೇ ಕೊಡೆಯಡಿ ನಡೆಯುವ ಅಧ್ಯಾಯವೂ ಇತ್ತು. ಹೊಟ್ಟೆ ಉರಿಯಿತು.

ಕಾಟ ಎಂಥದ್ದಿರಬೇಕು ಅನ್ನುವುದರಲ್ಲಿ ಹುಷಾರಾಗಿರಿ. ಜಾಸ್ತಿ ಆದರೆ ಪ್ರೀತಿ ಹುಟ್ಟಿದ್ದನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಕಡಿಮೆ ಆದರೆ ಕಥೆಯೇ ಇಲ್ಲ. ನನ್ನ ಅಳತೆ ಇಷ್ಟು. ಅದು ಮಕ್ಕಳ ವಯಸ್ಸಿನಲ್ಲಿ ಆಗಿರಲಿ, ಮತ್ತು ಅದರ ಒಂದೇ ಒಂದು ತುಂಡು ಇವತ್ತಿಗೂ ಅವನ ಮೈಯಲ್ಲಿ ಉಳಿದಿರಲಿ. ಒಂದು ಶಬ್ದ ಆಗಬಹುದು, ಒಂದು ವಾಸನೆ ಆಗಬಹುದು. ಕಾಲೇಜಿಗೆ ತಂದರೆ ಕಥೆಯ ಜಾತಿಯೇ ಬದಲಾಗುತ್ತದೆ. ಅಲ್ಲಿ ಅದಕ್ಕೆ ರ‍್ಯಾಗಿಂಗ್ ಅಂತ ಹೆಸರು. ಮಹಾರಾಷ್ಟ್ರದಲ್ಲಿ 1999ರಿಂದಲೇ ಅದಕ್ಕೆ ಪ್ರತ್ಯೇಕ ಕಾನೂನಿದೆ, ಎರಡು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ತಪ್ಪು ಸಾಬೀತಾದವರನ್ನು ಐದು ವರ್ಷ ಬೇರೆ ಕಾಲೇಜೂ ಸೇರಿಸಿಕೊಳ್ಳುವಂತಿಲ್ಲ. ನಿಮ್ಮ ನಾಯಕಿ ಹಾಸ್ಟೆಲಿನಲ್ಲಿ ಜೂನಿಯರ್ ಹುಡುಗನನ್ನು ಕಾಡಿ, ಆಮೇಲೆ ಇಬ್ಬರೂ ಮರೀನ್ ಡ್ರೈವಿನಲ್ಲಿ ಕೂತು ಜೋಳ ತಿಂದರು ಅಂತ ಬರೆದರೆ, ಓದುವವರು ಪೊಲೀಸ್ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ.

ಇನ್ನೊಂದು ಪರೀಕ್ಷೆ ಇದೆ. ಹುಡುಗಿ ಹುಡುಗನನ್ನು ಕಾಡಿದರೆ ನಮ್ಮ ಜನಕ್ಕೆ ಅದು ತಮಾಷೆ. ಅದಕ್ಕೇ ನೀವೂ ಹಗುರವಾಗಿ ಬರೆದುಬಿಡುತ್ತೀರಿ. ಕಾಡುವ ದೃಶ್ಯ ಬರೆದ ಮೇಲೆ ಹೆಸರು ಅದಲುಬದಲು ಮಾಡಿ ಓದಿ. ಹುಡುಗ ಹುಡುಗಿಯ ಡಬ್ಬಿ ಎಸೆದ ಅಂತ. ಓದಿ ಮೈ ಉರಿದರೆ ಸರಿಯಾಗಿ ಬರೆದಿದ್ದೀರಿ ಅಂತ ಅರ್ಥ. ಆ ಉರಿಯನ್ನು ಇಟ್ಟುಕೊಂಡೇ ಹೆಸರುಗಳನ್ನು ಮತ್ತೆ ಮೊದಲಿನಂತೆ ಮಾಡಿ.

ಮತ್ತೆ ದಯವಿಟ್ಟು, 'ಅವಳಿಗೆ ಆಗಲೇ ಅವನ ಮೇಲೆ ಪ್ರೀತಿ ಇತ್ತು, ಅದಕ್ಕೇ ರೇಗಿಸುತ್ತಿದ್ದಳು' ಅಂತ ಬರೆಯಬೇಡಿ. ಜಡೆ ಎಳೆಯುವವನಿಗೆ ನಿನ್ನ ಮೇಲೆ ಮನಸ್ಸಿದೆ ಅಂತ ನಮಗೆ ಹೇಳಿ ಹೇಳಿ ಬೆಳೆಸಿದ್ದು ಸಾಕು. ಕಾರಣ ಬೇರೆ ಇರುತ್ತದೆ. ನನ್ನ ಅಪ್ಪನೂ ಹೋಟೆಲಿನಲ್ಲೇ ಇದ್ದರು, ಗಲ್ಲೆಯಲ್ಲಿ. ಸಂಜೆ ಅವರ ಅಂಗಿ ಒಗೆಯಲು ಹಾಕಿದರೆ ನಮ್ಮ ಮನೆಯಲ್ಲೂ ಅದೇ ಇಂಗಿನ ವಾಸನೆ. ಯಾರಾದರೂ ನನ್ನ ಕಡೆ ಮೂಗು ತಿರುಗಿಸುವ ಮೊದಲು ನಾನೇ ಅವನ ಕಡೆ ಬೆರಳು ತೋರಿಸಿದೆ, ಅಷ್ಟೇ. ಇಂಥ ಕಾರಣ ನಾಯಕಿಗೆ ಕೊಡಿ, ಓದುಗರಿಗೆ ತಿಳಿಸಿ. ಆದರೆ ಅವಳ ಬಾಯಿಂದ ಅವನಿಗೆ ಹೇಳಿಸಬೇಡಿ. ಹೇಳಿಸಿದ ಕೂಡಲೇ ಅದು ಕಾರಣವಾಗಿ ಉಳಿಯಲ್ಲ, ನೆಪ ಆಗುತ್ತದೆ.

ಈಗ ಅವರನ್ನು ಮತ್ತೆ ಎದುರು ಬದುರು ತರಬೇಕು. ಮುಂಬಯಿಯಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಲೋಕಲ್ ಟ್ರೇನ್. ಬೇಡ. ಅವಳು ಲೇಡೀಸ್ ಡಬ್ಬದಲ್ಲಿ, ಅವನು ಜನರಲ್‌ನಲ್ಲಿ, ಮಾತಾಡುವುದು ಯಾವಾಗ? ದಾದರ್ ಸೇತುವೆ ಮೇಲೆ ಒಮ್ಮೆ ಭುಜ ತಾಗಬಹುದು, ಅಷ್ಟೇ. ಇಬ್ಬರನ್ನೂ ವಾರಗಟ್ಟಲೆ ಒಂದೇ ಕೋಣೆಯಲ್ಲಿ ಕೂಡಿಹಾಕುವ ಕೆಲಸ ಬೇಕು, ಮತ್ತು ಆ ಕೆಲಸದಲ್ಲಿ ಅವನ ಕೈ ಮೇಲಿರಬೇಕು. ಬಲ ಸಮ ಮಾಡುವುದು ಅಂದೆನಲ್ಲ, ಅದು ಇಲ್ಲೇ.

ನಾನು ನಾಟಕ ಆರಿಸಿಕೊಂಡೆ. ಮುಂಬಯಿ ಕನ್ನಡಿಗರಿಗೆ ನಾಟಕದ ಹುಚ್ಚು ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಇಲ್ಲಿನ ಕನ್ನಡಿಗರ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್, 1926ರಲ್ಲೇ ಹುಟ್ಟಿದ್ದು. ಆಫೀಸು ಮುಗಿಸಿ, ವಡಾಪಾವ್ ತಿಂದು, ರಾತ್ರಿ ರಿಹರ್ಸಲ್ ಮಾಡಿ ಕೊನೆಯ ಲೋಕಲ್ ಹಿಡಿಯುವವರು ಇಲ್ಲಿ ತಲೆಮಾರಿನಿಂದ ಇದ್ದಾರೆ. ನನ್ನ ನಾಯಕಿ ಉಷಾ ಅಂಥ ನಾಟಕದ ಮುಖ್ಯ ಪಾತ್ರಧಾರಿ. ಶಾಲೆಯಲ್ಲಿ ಅವಳು ಗೋಳು ಹೊಯ್ದುಕೊಂಡ ಹುಡುಗ ಪದ್ಮನಾಭ, ಈಗ ಲೈಟಿಂಗ್ ಕಾಂಟ್ರಾಕ್ಟರ್. ಎಲ್ಲರ ಜೊತೆ ಮರಾಠಿ, ಇಲ್ಲವೇ ಹಿಂದಿ. ಅವನು ಕನ್ನಡದವನು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ? ಅವನು ಕನ್ನಡ ಬಿಟ್ಟುಬಿಟ್ಟಿದ್ದಾನೆ. ಅವನನ್ನು ಗೇಲಿ ಮಾಡಿದ್ದು ಕನ್ನಡದಲ್ಲಿ. 'ಒಗ್ಗರಣೆ' ಅನ್ನುವ ಅಡ್ಡಹೆಸರು ಇರುವುದು ಕನ್ನಡದಲ್ಲಿ. ಮರಾಠಿಯಲ್ಲಿ ಅದಕ್ಕೆ ಫೋಡ್ಣಿ ಅನ್ನುತ್ತಾರೆ, ಫೋಡ್ಣಿ ಅಂದರೆ ಅವನಿಗೆ ಏನೂ ಆಗುವುದಿಲ್ಲ. ನನಗೆ ಈ ಎಳೆ ಸಿಕ್ಕ ದಿನ ಕಥೆ ತಾನಾಗಿ ಓಡಿತು. ಬೆಂಗಳೂರಿನಲ್ಲಿ ಕೂತು ಬರೆದಿದ್ದರೆ ಸಿಗುತ್ತಿರಲಿಲ್ಲ. ಒಂದು ಭಾಷೆಯನ್ನು ಬಿಟ್ಟೂ ಬದುಕಬಹುದಾದ ಊರು ಇದು.

ಮೊದಲ ರಿಹರ್ಸಲ್ ದಿನ ಉಷಾ ಪಕ್ಕದವಳಿಗೆ ಕನ್ನಡದಲ್ಲಿ, "ಈ ಲೈಟಿನವನ ಹತ್ತಿರ ಎಂಥ ವಾಸನೆ ಮಾರಾಯ್ತಿ, ಯಾವ ಹೋಟೆಲಲ್ಲಿ ಮಲಗಿ ಬಂದನೋ" ಅನ್ನುತ್ತಾಳೆ. ಅವನು ಏಣಿಯ ಮೇಲೆ ವೈರ್ ಸುತ್ತುತ್ತಿದ್ದಾನೆ. ಕೇಳಿಸಿಕೊಂಡೂ ಕೇಳದವನಂತೆ ಸುತ್ತುತ್ತಾನೆ. ಅದೇ ಬಾಯಿ, ಅದೇ ಮಾತು, ಆದರೆ ಈಗ ಸ್ವಿಚ್ ಅವನ ಕೈಯಲ್ಲಿದೆ. ಮೊದಲ ಪ್ರದರ್ಶನದ ದಿನ ಅವಳ ದೊಡ್ಡ ಮಾತಿಗೆ ಮುಂಚೆ ಬರಬೇಕಾದ ಸ್ಪಾಟ್ ಲೈಟ್ ಬರುವುದಿಲ್ಲ. ನಾನು ಮೊದಲು ಹತ್ತು ಸೆಕೆಂಡು ಕತ್ತಲೆ ಅಂತ ಬರೆದಿದ್ದೆ. ಲೈಟಿಂಗ್ ಮಾಡುವವರೊಬ್ಬರಿಗೆ ತೋರಿಸಿದರೆ ನಕ್ಕುಬಿಟ್ಟರು. "ಹತ್ತು ಸೆಕೆಂಡಿಗೆ ಹಿಂದಿನ ಸಾಲಿನವರು ಸೀಟಿ ಹೊಡೀತಾರೆ ಮೇಡಂ. ಮೂರು ಸಾಕು. ಸ್ಟೇಜಿನ ಮೇಲಿದ್ದವರಿಗೆ ಮೂರೇ ಮುನ್ನೂರು." ಮೂರು ಮಾಡಿದೆ. ಆ ಮೂರು ಸೆಕೆಂಡು ಕತ್ತಲಲ್ಲಿ, ಸಭೆಯಲ್ಲಿ ಯಾರೋ ನಗುತ್ತಾರೆ. ಉಷಾಗೆ ಜೀವನದಲ್ಲಿ ಮೊದಲ ಸಲ ಬಾಗಿಲಲ್ಲಿ ನಿಂತ ಹುಡುಗನ ಮುಖ ನೆನಪಾಗುತ್ತದೆ. ಯಾರ ಮುಖ ಅಂತ ಮಾತ್ರ ಗೊತ್ತಾಗುವುದಿಲ್ಲ. ಒಂದು ಸಾಲು ಹಾಳೆಯಿಂದ ಹಾಳೆಗೆ ದಾಟಿತು.

ಅವನು ಮಾಡಿದ್ದು ಸರಿಯಲ್ಲ. ಇರಲಿ. ಗೋಳಾದವನನ್ನು ಸಾಧು ಮಾಡಿಬಿಟ್ಟರೆ ಅವನಿಗೆ ಕಥೆಯಲ್ಲಿ ಕ್ಷಮಿಸುವುದೊಂದೇ ಕೆಲಸ ಉಳಿಯುತ್ತದೆ. ಅಂಥ ಗಂಡಸನ್ನು ಯಾರು ಪ್ರೀತಿಸುತ್ತಾರೆ? ಪದ್ಮನಾಭನಿಗೆ ಸಿಟ್ಟಿದೆ, ಸಣ್ಣತನವಿದೆ, ಸಾಲದ ಕಂತಿದೆ, ಹಳೇ ಫಿಲಿಪ್ಸ್ ರೇಡಿಯೋ ರಿಪೇರಿ ಮಾಡುವ ಹವ್ಯಾಸವಿದೆ. ಉಷಾ ಇಲ್ಲದ ದೃಶ್ಯಗಳೂ ಅವನಿಗೆ ಬೇಕು.

ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಇದು ಪುಕ್ಕಟೆ ಸಿಕ್ಕ ಚಿನ್ನ. ನಮಗೆ 'ನೀನು' ಇದೆ, 'ನೀವು' ಇದೆ. ಶಾಲೆಯಲ್ಲಿ ಇಬ್ಬರೂ ನೀನು. ಅದರಲ್ಲೂ ಅವಳ ನೀನು ಬೇರೆ, ಅವನ ನೀನು ಬೇರೆ. ರಿಹರ್ಸಲ್ಲಿನಲ್ಲಿ ಅವಳು ಅವನನ್ನು 'ದಾದಾ' ಅಂತ ಕರೆದು ಹಿಂದಿಯಲ್ಲಿ ತುಮ್ ಅನ್ನುತ್ತಾಳೆ. ಅವನು ಆಪ್ ಅನ್ನುತ್ತಾನೆ. ಅವನು ಯಾರೆಂದು ಗೊತ್ತಾದ ರಾತ್ರಿ ಅವಳು ಕನ್ನಡಕ್ಕೆ ಬರುತ್ತಾಳೆ, ಬಂದವಳೇ 'ನೀನು' ಅನ್ನುತ್ತಾಳೆ. ಹಳೇ ಸಲಿಗೆ ಅಂತ ಅವಳ ಲೆಕ್ಕ. ಅವನಿಗೆ ಅದು ಹಳೇ ಏಟು. ಅವನು ಮರಾಠಿಯಲ್ಲೇ ಉತ್ತರ ಕೊಡುತ್ತಾನೆ. ಮುಂದಿನ ಭೇಟಿಗೆ ಅವಳು 'ನೀವು' ಅನ್ನುವಂತೆ ಮಾಡಿ. ಯಾಕೆ ಬದಲಾಯಿಸಿದಳು ಅಂತ ವಿವರಿಸಬೇಡಿ, ಕನ್ನಡ ಓದುವವರಿಗೆ ತಿಳಿಯುತ್ತದೆ. ಎಷ್ಟೋ ಅಧ್ಯಾಯ ಅವಳು 'ನೀವು' ಅನ್ನುತ್ತಲೇ ಇರಲಿ, ಅವನು ಬೇರೆ ಭಾಷೆಯಲ್ಲೇ ಇರಲಿ. ಕೊನೆಗೊಂದು ದಿನ ಅವನು ಕನ್ನಡದಲ್ಲಿ ಒಂದು ಸಾಧಾರಣ ಮಾತಾಡಲಿ. 'ಬಾಗಿಲು ಹಾಕ್ಕೋ' ಅಂತ ಅಂದರೂ ಸಾಕು. ನನ್ನ ನಾದಿನಿ ಈ ಸಾಲನ್ನು ಓದಿ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಬಟಾಣಿ ಸುಲಿಯುವುದು ನಿಲ್ಲಿಸಿದಳಂತೆ. ಥಾಣೆ ದಾಟಿದ್ದೂ ಗೊತ್ತಾಗಲಿಲ್ಲವಂತೆ.

ಕ್ಷಮೆ ಕೇಳುವ ದೃಶ್ಯದಲ್ಲಿ ಎಲ್ಲರೂ ಜಾರಿ ಬೀಳುತ್ತಾರೆ. ನಾನು ಮೊದಲ ಸಲ ಅದನ್ನು ಫೈವ್ ಗಾರ್ಡನ್ಸ್ ಪಾರ್ಕ್‌ನಲ್ಲಿ, ಕಣ್ಣೀರಿನ ಸಮೇತ, ಎರಡು ಪುಟ ಬರೆದಿದ್ದೆ. ಓದಿ ನೋಡಿದರೆ ಎರಡೂ ಪುಟ ಉಷಾಳ ಬಗ್ಗೆಯೇ. ಅವಳ ಸಂಕಟ, ಅವಳ ನಿದ್ದೆ ಕೆಟ್ಟದ್ದು. ಅವನು ಪಾಪ ಕರವಸ್ತ್ರ ಹಿಡಿದು ನಿಂತಿದ್ದ. ಹೊಸದಾಗಿ ಬರೆದಾಗ ಅವಳಿಗೆ ಒಂದೇ ವಾಕ್ಯ ಕೊಟ್ಟೆ. "ನಾನು ಮಾಡಿದ್ದು ತಪ್ಪು." ಅವನು, "ಗೊತ್ತು. ಆದರೆ ನನಗೆ ಈಗ ಆಗಲ್ಲ" ಅಂತ ಹೇಳಿ ಹೊರಟುಬಿಡುತ್ತಾನೆ. ಆ 'ಆಗಲ್ಲ' ಇಲ್ಲದಿದ್ದರೆ ಮುಂದಿನ 'ಆಗಲಿ'ಗೆ ಬೆಲೆಯೇ ಇಲ್ಲ. ಅವಳು ಅವನ ಹಿಂದೆ ಓಡಬಾರದು, ಪತ್ರ ಬರೆಯಬಾರದು, ಗೆಳೆಯರ ಕೈಲಿ ಹೇಳಿಸಬಾರದು. ಬೇಡ ಅಂದದ್ದನ್ನು ಕೇಳಿಸಿಕೊಂಡು ಮನೆಗೆ ಹೋಗಿ, ಮರುದಿನ ರಿಹರ್ಸಲ್ಲಿಗೆ ಹೊತ್ತಿಗೆ ಸರಿಯಾಗಿ ಬರಬೇಕು. ಅವಳು ಬದಲಾಗಿದ್ದಾಳೆ ಅಂತ ತೋರಿಸುವುದು ಇಷ್ಟರಿಂದಲೇ.

ನಿಜವಾದ ಕ್ಷಮೆಯ ದೃಶ್ಯವನ್ನು ನಾನು ಅಡುಗೆಮನೆಗೆ ಒಯ್ದೆ. ಪದ್ಮನಾಭನ ತಾಯಿ ಇದ್ದಾರೆ. ಇದ್ದ ಒಂದೇ ಯೂನಿಫಾರ್ಮ್ ಅಂಗಿಯನ್ನು ರಾತ್ರಿ ಬಾರ್ ಸಾಬೂನಿನಲ್ಲಿ ತಿಕ್ಕಿ ಒಗೆದು, ಬೆಳಿಗ್ಗೆ ಬಿಸಿನೀರಿನ ಚೊಂಬಿನಿಂದ ಉಜ್ಜಿ ಒಣಗಿಸುತ್ತಿದ್ದವರು. ಮಗ ಯಾಕೆ ಎರಡೆರಡು ಸಲ ಒಗೆಸುತ್ತಾನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾಟಕದ ಲೈಟಿನ ಬಾಕಿ ಹಣ ಕೊಡಲು ಉಷಾ ಅವರ ಮನೆಗೆ ಬರುತ್ತಾಳೆ. ತಾಯಿ ಊಟಕ್ಕೆ ಕೂರಿಸುತ್ತಾರೆ, ಊರ ಕಡೆಯ ಹುಡುಗಿ ಅಂತ ಸಂಭ್ರಮ. ಸಾರು ಕುದಿಯುತ್ತಿದೆ. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ. ಪದ್ಮನಾಭ ಬಾಲ್ಕನಿಗೆ ಹೋಗಲು ಎದ್ದು ನಿಂತಿದ್ದಾನೆ. ತಾಯಿ ಸಾಸಿವೆ ಹಾಕುತ್ತಾರೆ. ಆಗ ಉಷಾ ಎದ್ದು, ಅಲ್ಲೇ ಇದ್ದ ಸ್ಟೀಲ್ ತಟ್ಟೆ ತೆಗೆದು ಬಾಣಲೆಯ ಮೇಲೆ ಮುಚ್ಚುತ್ತಾಳೆ. ಶಬ್ದ ಒಳಗೇ ಉಳಿಯುತ್ತದೆ. ತಾಯಿಗೆ ಏನೂ ಅರ್ಥವಾಗದೆ, "ಅಯ್ಯೋ, ಸಿಡಿಯುತ್ತೆ ಅಂತ ಹೆದರಿಕೆಯಾ ಮಗಾ?" ಅನ್ನುತ್ತಾರೆ. ಅವನು ಬಾಲ್ಕನಿಗೆ ಹೋಗುವುದಿಲ್ಲ.

ಅಲ್ಲಿಗೆ ಅಧ್ಯಾಯ ಮುಗಿಸಿ. ಪ್ರೀತಿ ಶುರು ಮಾಡಲು ಈಗ ಪರವಾನಗಿ ಸಿಕ್ಕಿತು. ಇನ್ನು ಮುಂದಿನದು ಎಲ್ಲ ಪ್ರೇಮಕಥೆಗಳ ಥರವೇ. ಕೈ ಹಿಡಿಯುವುದು, ಮಾಟುಂಗ ಸ್ಟೇಷನ್ ಪಕ್ಕ ರಾಮ ನಾಯಕರ ಬೋರ್ಡಿಂಗ್‌ನಲ್ಲಿ ಊಟ, ಜಗಳ. ಅದನ್ನು ನಾನು ಕಲಿಸಬೇಕಾಗಿಲ್ಲ. ಒಂದು ಮಾತ್ರ ನೆನಪಿಡಿ. ಮುಂದೆ ಯಾವ ಜಗಳದಲ್ಲೂ ಅವಳು ಆ ಹಳೇ ಹೆಸರು ಬಾಯಿಗೆ ತರಬಾರದು. ತಮಾಷೆಗೂ ಬೇಡ. ಮುದ್ದಿಗಂತೂ ಬೇಡವೇ ಬೇಡ. ಒಬ್ಬಳು ಹಾಗೆ ಮುದ್ದಿನ ಹೆಸರು ಮಾಡಿ ಮುಗಿಸಿದ್ದಳು. ನಾವೆಲ್ಲ ಸೇರಿ ಬೈದೆವು.

ನಿಮ್ಮ ಕಥೆಯಲ್ಲಿ ನಿಜವಾದ ಮನುಷ್ಯರ ಚೂರು ಇದ್ದರೆ ಹೊರಗೆ ಬಿಡುವ ಮೊದಲು ಅವರಿಗೆ ತೋರಿಸಿ. ನಾನು ತೋರಿಸಿದೆ. ಅವನಿಗೂ ನನಗೂ ಪ್ರೀತಿ ಗೀತಿ ಏನೂ ಇಲ್ಲ ಮಾರಾಯ್ರೆ, ಅವನಿಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಪ್ರಿಂಟ್ ತೆಗೆದು ಕೊರಿಯರ್ ಮಾಡಿದೆ, 'ಒಗ್ಗರಣೆ' ಅನ್ನುವ ಹೆಸರು ಬದಲಾಯಿಸಲೇ ಅಂತ ಚೀಟಿ ಬರೆದು ಇಟ್ಟೆ. ಮೂರು ವಾರ ಸುದ್ದಿಯಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ಒಂದು ಸಂಜೆ ಫೋನ್ ಬಂತು.

"ಹೆಸರು ಇರಲಿ," ಅಂದ. "ಆದರೆ ನಾಲ್ಕನೇ ಪುಟದಲ್ಲಿ ಸ್ಟೀಲ್ ಡಬ್ಬಿ ಅಂತ ಬರೆದಿದ್ದೀರಿ. ಸ್ಟೀಲ್ ಎಲ್ಲಿಂದ ಬರಬೇಕು ನಮಗೆ? ಅದು ಅಲ್ಯೂಮಿನಿಯಂದು. ಅದಕ್ಕೇ ಸೊಟ್ಟಗಾದದ್ದು."

ತಿದ್ದಿ ಮತ್ತೆ ಪ್ರಿಂಟ್ ತೆಗೆದೆ.